ಟಿಸಿಸಿಎ 90 ಮಾತ್ರೆ: ಹಾಕೋದು ಸುಲಭ, ತೆಗೆಯೋಕೆ ಟ್ಯಾಂಕರ್ ಬೇಕು

ಮನೆಯಲ್ಲಿ ಪೂಲ್ ಇರುವವರ ಸ್ಟೋರ್ ರೂಮಿನಲ್ಲಿ ಒಂದು ಬಿಳಿ ಬಕೆಟ್ ಇದ್ದೇ ಇರುತ್ತದೆ. ಮುಚ್ಚಳ ತೆಗೆದ ಕೂಡಲೇ ಮೂಗಿಗೆ ಹೊಡೆದು ಕಣ್ಣು ಉರಿಸುತ್ತದಲ್ಲ, ಅದೇ. ಟಿಸಿಸಿಎ 90, ಅಂದರೆ ಪೂಲ್ ನೀರಿಗೆ ಹಾಕುವ ಕ್ಲೋರಿನ್ ಮಾತ್ರೆ. ಯಾವ ಕಂಪನಿಯದ್ದಾದರೂ ಒಳಗಿರುವ ಮಾಲು ಹೆಚ್ಚುಕಡಿಮೆ ಒಂದೇ, ಹಾಗಾಗಿ ಇಲ್ಲಿ ಬ್ರ್ಯಾಂಡ್ ಹೆಸರು ಹೇಳುತ್ತಿಲ್ಲ. ಈ ವಿಮರ್ಶೆ ಆ ಮಾತ್ರೆಯದ್ದು. ಜೊತೆಗೆ ಅದರ ಬದಲು ನಾವೀಗ ಹಾಕುತ್ತಿರುವ ಲಿಕ್ವಿಡ್ ಕ್ಲೋರಿನ್ ಬಗ್ಗೆ, ನೀರು ಪರೀಕ್ಷೆ ಮಾಡುವ ಕಿಟ್ ಬಗ್ಗೆ, ತಿಂಗಳ ದುಡ್ಡು ತಗೊಂಡು ಪೂಲ್ ನೋಡಿಕೊಳ್ಳುತ್ತಿದ್ದ ಒಂದು ಸರ್ವಿಸ್ ಬಗ್ಗೆಯೂ ಸ್ವಲ್ಪ ಹೇಳುವುದಿದೆ.

ಮಾತ್ರೆಗೆ ಐದಕ್ಕೆ ಮೂರು ಸ್ಟಾರ್. ಕೆಲಸ ಮಾಡಲ್ಲ ಅಂತ ಅಲ್ಲ, ತುಂಬಾ ಚೆನ್ನಾಗಿ ಮಾಡುತ್ತದೆ. ಆದರೆ ಬಕೆಟ್ ಮೇಲೆ ಕ್ಲೋರಿನ್ 90% ಅಂತ ಇಷ್ಟು ದಪ್ಪ ಅಕ್ಷರದಲ್ಲಿ ಬರೆಯುತ್ತಾರೆ, ಆ ಕ್ಲೋರಿನ್ ಖರ್ಚಾದ ಮೇಲೆ ನೀರಲ್ಲಿ ಏನು ಉಳಿಯುತ್ತದೆ ಅನ್ನೋದನ್ನು ಎಲ್ಲೂ ಬರೆಯುವುದಿಲ್ಲ. ಎರಡು ಸ್ಟಾರ್ ಕಿತ್ತಿದ್ದು ಅದಕ್ಕೇ.

ಉಳಿಯುವುದು ಸಯನ್ಯೂರಿಕ್ ಆಸಿಡ್. ಪೂಲ್ ಕೆಲಸದವರ ಬಾಯಲ್ಲಿ ಸ್ಟೆಬಿಲೈಸರ್. ಇದು ಕೆಟ್ಟ ವಸ್ತು ಅಲ್ಲ, ಬೇಕೇ ಬೇಕು. ಬಿಸಿಲಿಗೆ ತೆರೆದಿರುವ ಪೂಲಿನಲ್ಲಿ ಸ್ಟೆಬಿಲೈಸರ್ ಇಲ್ಲದೆ ಬರೀ ಕ್ಲೋರಿನ್ ಹಾಕಿದರೆ ಮಧ್ಯಾಹ್ನದ ಬಿಸಿಲಿಗೆ ಒಂದು ಗಂಟೆಯೊಳಗೆ ಅರ್ಧಕ್ಕಿಂತ ಜಾಸ್ತಿ ಹಾರಿಹೋಗುತ್ತದೆ. ಬೆಳಿಗ್ಗೆ ಹಾಕಿದ್ದು ಮಕ್ಕಳು ಸ್ಕೂಲಿಂದ ಬಂದು ನೀರಿಗಿಳಿಯುವ ಹೊತ್ತಿಗೆ ಇರುವುದೇ ಇಲ್ಲ. ಸ್ಟೆಬಿಲೈಸರ್ ಕ್ಲೋರಿನ್ನನ್ನು ಹಿಡಿದಿಟ್ಟುಕೊಂಡು ಸ್ವಲ್ಪಸ್ವಲ್ಪವೇ ಬಿಡುತ್ತದೆ. 30ರಿಂದ 50 ಪಿಪಿಎಂ (ಒಂದು ಪಿಪಿಎಂ ಅಂದರೆ ಲೀಟರ್ ನೀರಿಗೆ ಒಂದು ಮಿಲಿಗ್ರಾಂ) ಇದ್ದರೆ ಮನೆ ಪೂಲಿಗೆ ಸಾಕು.

ತೊಂದರೆ ಏನಪ್ಪಾ ಅಂದರೆ, ಕ್ಲೋರಿನ್ ಖರ್ಚಾಗುತ್ತದೆ, ಇದು ಖರ್ಚಾಗಲ್ಲ. ಬಿಸಿಲಿಗೆ ಹಾರಲ್ಲ, ನೀರು ಆವಿಯಾದರೂ ಜೊತೆಗೆ ಹೋಗಲ್ಲ, ಸ್ಯಾಂಡ್ ಫಿಲ್ಟರ್‌ನಲ್ಲಿ ನಿಲ್ಲಲ್ಲ. ನೀರು ಹೊರಗೆ ಹೋದರೆ ಮಾತ್ರ ಇದೂ ಹೋಗುತ್ತದೆ. ಮಾತ್ರೆ ಹಾಕಿದಷ್ಟೂ ಸೇರುತ್ತಾ ಹೋಗುತ್ತದೆ. ಸಾರಿಗೆ ಉಪ್ಪು ಜಾಸ್ತಿ ಆದಂತೆ, ತೆಗೆಯೋಕೆ ಬರಲ್ಲ, ನೀರು ಬೆರೆಸಬೇಕು ಅಷ್ಟೆ.

ಲೆಕ್ಕ ಹೇಳುತ್ತೇನೆ, ಯಾಕೆಂದರೆ ಈ ಲೆಕ್ಕ ಒಮ್ಮೆ ತಲೆಗೆ ಹೋದರೆ ಮಿಕ್ಕಿದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ನಮ್ಮ ಪೂಲ್ 8 ಮೀಟರ್ ಉದ್ದ, 4 ಮೀಟರ್ ಅಗಲ, ಆಳ ಸರಾಸರಿ ಒಂದೂಕಾಲು ಮೀಟರ್. ಅಂದರೆ 40,000 ಲೀಟರ್. 200 ಗ್ರಾಂನ ಒಂದು ಮಾತ್ರೆ ಪೂರ್ತಿ ಕರಗಿದರೆ ಇಷ್ಟು ನೀರಿಗೆ ಸುಮಾರು 4.5 ಪಿಪಿಎಂ ಕ್ಲೋರಿನ್ ಸಿಗುತ್ತದೆ, ಅದರ ಹಿಂದೆಯೇ ಸುಮಾರು 2.7 ಪಿಪಿಎಂ ಸ್ಟೆಬಿಲೈಸರ್ ಸೇರುತ್ತದೆ. ಬೇಸಿಗೆಯಲ್ಲಿ ದಿನಕ್ಕೆ 2 ಪಿಪಿಎಂ ಕ್ಲೋರಿನ್ ಖರ್ಚು ಅಂತ ಇಟ್ಟುಕೊಳ್ಳಿ, ಅದು ದೊಡ್ಡ ಖರ್ಚೇನಲ್ಲ. ಬರೀ ಮಾತ್ರೆಯಲ್ಲೇ ಅದನ್ನು ತುಂಬಿದರೆ ತಿಂಗಳಿಗೆ 36 ಪಿಪಿಎಂ ಸ್ಟೆಬಿಲೈಸರ್ ಏರುತ್ತದೆ. ಸೊನ್ನೆಯಿಂದ ಶುರು ಮಾಡಿದರೂ ಮೂರು ತಿಂಗಳಿಗೆ ನೂರು ದಾಟಿತು.

ನೂರು ದಾಟಿದರೆ ಏನಾಗುತ್ತೆ? ಹಿಡಿದಿಟ್ಟುಕೊಳ್ಳುವ ಕೈಗಳು ಜಾಸ್ತಿ ಆದಷ್ಟೂ, ನೀರಲ್ಲಿ ಬಿಡುವಾಗಿ ಓಡಾಡಿ ಪಾಚಿ, ಕ್ರಿಮಿ ಕೊಲ್ಲುವ ಕ್ಲೋರಿನ್ ಕಡಿಮೆಯಾಗುತ್ತದೆ. ಪರೀಕ್ಷೆಯಲ್ಲಿ ಕ್ಲೋರಿನ್ ಇದೆ ಅಂತಲೇ ಬರುತ್ತದೆ, ನೀರು ಮಾತ್ರ ಹಸಿರು. ಪೂಲ್ ಬಲ್ಲವರು ಇಟ್ಟುಕೊಂಡಿರುವ ಒಂದು ಅಂದಾಜಿದೆ: ಸ್ಟೆಬಿಲೈಸರ್ ಎಷ್ಟಿದೆಯೋ ಅದರ ಏಳೂವರೆ ಪರ್ಸೆಂಟ್‌ನಷ್ಟು ಕ್ಲೋರಿನ್ ಯಾವಾಗಲೂ ಇರಬೇಕು. 40 ಇದ್ದರೆ 3 ಪಿಪಿಎಂ ಸಾಕು. 100 ಇದ್ದರೆ ಏಳೂವರೆ ಬೇಕು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಕೂಡ ಸ್ಟೆಬಿಲೈಸರ್ ಇಲ್ಲದ ಪೂಲಿಗೆ ಕನಿಷ್ಠ 1 ಪಿಪಿಎಂ ಕ್ಲೋರಿನ್ ಇರಲಿ, ಇರುವ ಪೂಲಿಗೆ ಕನಿಷ್ಠ 2 ಇರಲಿ ಅನ್ನುತ್ತದೆ. ಬರೀ ಕ್ಲೋರಿನ್ ನಂಬರ್ ಒಂದನ್ನೇ ನೋಡಿ ನೀರು ಚೆನ್ನಾಗಿದೆ ಅನ್ನುವುದಕ್ಕೆ ಅರ್ಥವೇ ಇಲ್ಲ.

ಈಗ ಸರ್ವಿಸ್ ವಿಷಯ. ನಮ್ಮ ಮನೆ ದೇವನಹಳ್ಳಿ ಕಡೆ. ಪೂಲ್ ಕಟ್ಟಿಸಿದಾಗಿನಿಂದ ಒಂದು ಏಜೆನ್ಸಿ ಹುಡುಗನನ್ನು ಕಳಿಸುತ್ತಿತ್ತು. ಹೆಸರು ಬೇಡ. ಹುಡುಗ ಒಳ್ಳೆಯವನು, ವ್ಯಾಕ್ಯೂಮ್ ಚೆನ್ನಾಗಿ ಮಾಡುತ್ತಿದ್ದ, ಫಿಲ್ಟರ್ ತೊಳೆಯೋಕೆ ನೀರು ಹಿಮ್ಮುಖವಾಗಿ ಹಾಯಿಸುವ ಬ್ಯಾಕ್‌ವಾಶ್ ಮರೆಯುತ್ತಿರಲಿಲ್ಲ. ಆದರೆ ಕೆಮಿಕಲ್ ವಿಷಯಕ್ಕೆ ಬಂದರೆ ಅವನ ಹತ್ತಿರ ಇದ್ದದ್ದು ಒಂದೇ ಬಕೆಟ್. ನೀರಲ್ಲಿ ತೇಲುವ ತೂತಿನ ಡಬ್ಬಿ, ಅಂದರೆ ಫ್ಲೋಟರ್‌ನಲ್ಲಿ ಮಾತ್ರೆ, ನೀರು ಸ್ವಲ್ಪ ಮಂಕಾದರೆ ಮೇಲಿಂದ ಅದೇ ಟಿಸಿಸಿಎ ಹರಳು. ಏಪ್ರಿಲ್‌ನಲ್ಲಿ ಗೋಡೆ ಮೂಲೆಗಳಲ್ಲಿ ಪಾಚಿ ಹಿಡಿಯೋಕೆ ಶುರುವಾಯಿತು. ಉಜ್ಜಿದರೆ ಹೋಗುತ್ತದೆ, ಎರಡು ದಿನಕ್ಕೆ ಮತ್ತೆ ಬರುತ್ತದೆ.

"ಮೇಡಂ, ನೀರು ಹಳೇದಾಗಿದೆ, ಶಾಕ್ ಕೊಡ್ಬೇಕು" ಅಂದ. ಶಾಕ್, ಅಂದರೆ ಒಂದೇ ಸಲಕ್ಕೆ ಜಾಸ್ತಿ ಕ್ಲೋರಿನ್, ಅಂತ ಹಾಕಿದ್ದೂ ಅದೇ ಬಕೆಟ್‌ನಿಂದ. ಸ್ಟೆಬಿಲೈಸರ್ ಎಷ್ಟಿದೆ ಅಂತ ಕೇಳಿದರೆ, "ಅದೆಲ್ಲ ಮಾತ್ರೆಯಲ್ಲೇ ಬರುತ್ತೆ ಮೇಡಂ, ಬೇರೆ ಹಾಕೋದು ಬೇಡ" ಅಂದ. ಮಾತ್ರೆಯಲ್ಲೇ ಬರುತ್ತೆ ಅನ್ನೋದು ನಿಜವೇ. ಎಷ್ಟು ಬಂದಿದೆ ಅಂತ ಅಳೆಯೋಕೆ ಅವನ ಹತ್ತಿರ ಏನೂ ಇರಲಿಲ್ಲ. ಏಜೆನ್ಸಿಗೆ ಫೋನ್ ಮಾಡಿದರೆ ಅವರು ಹೇಳಿದ್ದು ಕಾಪರ್ ಸಲ್ಫೇಟ್ ಹಾಕ್ತೀವಿ, ಪಾಚಿಯೂ ಹೋಗುತ್ತೆ, ನೀರೂ ನೀಲಿ ಕಾಣುತ್ತೆ ಅಂತ. ಪ್ಯಾಕೆಟ್ ತಂದಾಗ ನಮ್ಮ ಮಾವ ಕೈಯಲ್ಲಿ ಹಿಡಿದು ನೋಡಿ, "ಇದು ಅಡಿಕೆಗೆ ಬೋರ್ಡೋ ಮಾಡೋ ಮೈಲುತುತ್ತ ಅಲ್ವೇನಮ್ಮ, ಇದ್ರಲ್ಲಿ ಮಕ್ಕಳು ಮುಳುಗ್ತಾವಾ?" ಅಂದರು. ಆ ಪ್ಯಾಕೆಟ್ ವಾಪಸ್ ಹೋಯಿತು. ತಾಮ್ರ ಪಾಚಿ ಕೊಲ್ಲುತ್ತದೆ, ಸುಳ್ಳಲ್ಲ. ಆದರೆ ಅದೂ ನೀರಲ್ಲೇ ಕೂರುತ್ತದೆ, ಟೈಲ್ಸ್ ಮೇಲೆ ಕಲೆ ಮಾಡುತ್ತದೆ, ನರೆತ ಕೂದಲಿಗೆ ಹಸಿರು ಬಣ್ಣ ಹಿಡಿಸುವುದೂ ಅದೇ. ಒಂದು ಜಮೆಯಾಗುವ ವಸ್ತುವಿನ ತೊಂದರೆಗೆ ಇನ್ನೊಂದು ಜಮೆಯಾಗುವ ವಸ್ತು ಔಷಧಿ ಅಲ್ಲ.

ಅಲ್ಲಿಗೆ ಸರಿಯಾದ ಟೆಸ್ಟ್ ಕಿಟ್ ಹುಡುಕಾಟ ಶುರು.

ಪೂಲ್ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಎರಡು ಬಾಟಲಿಯ ಚಿಕ್ಕ ಡಬ್ಬಿ. ಒಂದರ ಹನಿ ಹಾಕಿದರೆ ಹಳದಿ, ಅದು ಕ್ಲೋರಿನ್. ಇನ್ನೊಂದರದ್ದು ಕೆಂಪು, ಅದು ಪಿಎಚ್, ಅಂದರೆ ನೀರಿನ ಹುಳಿ-ಕ್ಷಾರದ ಅಳತೆ. ಹಳದಿ ತೋರಿಸುವುದು ಒಟ್ಟು ಕ್ಲೋರಿನ್. ಕೆಲಸಕ್ಕೆ ಬರುವ ಕ್ಲೋರಿನ್ ಎಷ್ಟು, ಬೆವರು ಮೂತ್ರದ ಜೊತೆ ಸೇರಿ ಕೆಟ್ಟ ವಾಸನೆ ಹೊಡೆಯುವ ಕ್ಲೋರಮೈನ್ ಎಷ್ಟು ಅಂತ ಬೇರೆ ಮಾಡಿ ಹೇಳುವುದಿಲ್ಲ. ಸ್ಟೆಬಿಲೈಸರ್ ಪರೀಕ್ಷೆ ಅದರಲ್ಲಿ ಇಲ್ಲವೇ ಇಲ್ಲ. ಪಟ್ಟಿಗಳು, ಅಂದರೆ ಟೆಸ್ಟ್ ಸ್ಟ್ರಿಪ್, ಕ್ಲೋರಿನ್‌ಗೆ ಮತ್ತು ಪಿಎಚ್‌ಗೆ ಅವಸರಕ್ಕೆ ಪರವಾಗಿಲ್ಲ. ಸ್ಟೆಬಿಲೈಸರ್ ಚೌಕದ ಬಣ್ಣ ನೋಡಿ ನಾನು 50 ಅಂದರೆ ನನ್ನ ಗಂಡ 100 ಅನ್ನುತ್ತಿದ್ದರು. ಎರಡು ಸ್ಟಾರ್.

ಕೊನೆಗೆ ಅಮೆರಿಕದಿಂದ ಬರುವ ನೆಂಟರ ಕೈಲಿ ಟೇಲರ್ ಕಂಪನಿಯ ಕೆ-2006 ಕಿಟ್ ತರಿಸಿದೆ. ಕೊಳ್ಳುವಾಗ ನಂಬರ್ ಸರಿಯಾಗಿ ನೋಡಿ. ಕೆ-2005 ಅಂತಲೂ ಒಂದಿದೆ, ಡಬ್ಬಿ ಅದೇ ಥರ, ಆದರೆ ಅದರಲ್ಲಿ ಕ್ಲೋರಿನ್ನಿಗೆ ಗುಲಾಬಿ ಬಣ್ಣ ಹೊಂದಿಸಿ ನೋಡಬೇಕು. 2006ರಲ್ಲಿ ಹನಿ ಎಣಿಸಬೇಕು. ವ್ಯತ್ಯಾಸ ಇರುವುದೇ ಅಲ್ಲಿ. 10 ಎಂಎಲ್ ಪೂಲ್ ನೀರಿಗೆ ಎರಡು ಚಮಚ ಪುಡಿ ಹಾಕಿ ಅಲ್ಲಾಡಿಸಿದರೆ ಕಡು ಗುಲಾಬಿ ಆಗುತ್ತದೆ. ಆಮೇಲೆ ಹನಿಹನಿಯಾಗಿ ಇನ್ನೊಂದು ದ್ರಾವಣ ಹಾಕುತ್ತಾ, ಅಲ್ಲಾಡಿಸುತ್ತಾ, ಎಣಿಸುತ್ತಾ ಹೋಗಬೇಕು. ಬಣ್ಣ ತಿಳಿಯಾಗುತ್ತಾ ಬಂದು ಒಂದು ಹನಿಗೆ ಫಕ್ಕನೆ ನೀರಿನಂತಾಗುತ್ತದೆ. ಒಂದು ಹನಿಗೆ ಅರ್ಧ ಪಿಪಿಎಂ. ಎಂಟು ಹನಿ ಆದರೆ 4. ಗುಲಾಬಿಯ ಯಾವ ಛಾಯೆ ಅಂತ ಜಗಳವೇ ಇಲ್ಲ. ಬಣ್ಣ ಹೊಂದಿಸುವ ಕಿಟ್‌ಗಳಲ್ಲಿ ಇನ್ನೊಂದು ಅಪಾಯ ಇದೆ, ಕ್ಲೋರಿನ್ ವಿಪರೀತ ಜಾಸ್ತಿ ಇದ್ದರೆ ಅದು ಬಣ್ಣವನ್ನೇ ಬಿಳುಪು ಮಾಡಿಬಿಡುತ್ತದೆ. ನೀವು ಸೊನ್ನೆ ಅಂದುಕೊಂಡು ಇನ್ನಷ್ಟು ಸುರಿಯುತ್ತೀರಿ.

ಸ್ಟೆಬಿಲೈಸರ್ ಪರೀಕ್ಷೆ ಇನ್ನೂ ಮಜಾ. 7 ಎಂಎಲ್ ಪೂಲ್ ನೀರು, 7 ಎಂಎಲ್ ದ್ರಾವಣ, ಅರ್ಧ ನಿಮಿಷ ಕಲಕಿದರೆ ನೀರು ಹಾಲು ಬೆರೆಸಿದ ಹಾಗೆ ಕದಡುತ್ತದೆ. ಇದನ್ನು ತಳದಲ್ಲಿ ಕಪ್ಪು ಚುಕ್ಕಿ ಇರುವ ಕೊಳವೆಗೆ ನಿಧಾನಕ್ಕೆ ಸುರಿಯುತ್ತಾ ಮೇಲಿಂದ ನೋಡಬೇಕು. ಚುಕ್ಕಿ ಮಾಯವಾದ ಕಡೆ ನಿಲ್ಲಿಸಿ ಪಕ್ಕದ ಗೆರೆ ಓದಬೇಕು. ಬೇಗ ಮಾಯವಾದರೆ ಸ್ಟೆಬಿಲೈಸರ್ ಜಾಸ್ತಿ ಅಂತ. ಮನೆಯೊಳಗೆ ಟ್ಯೂಬ್‌ಲೈಟ್ ಕೆಳಗೆ ಮಾಡಬೇಡಿ, ಹೊರಗೆ ಬಂದು ಸೂರ್ಯನಿಗೆ ಬೆನ್ನು ಹಾಕಿ, ಕೊಳವೆಯನ್ನು ಸೊಂಟದ ಎತ್ತರದಲ್ಲಿ ಹಿಡಿದು ನೋಡಿ. ಚುಕ್ಕಿಯನ್ನೇ ದಿಟ್ಟಿಸಿದರೆ ಇಲ್ಲದಿದ್ದರೂ ಇದ್ದ ಹಾಗೆ ಕಾಣುತ್ತದೆ, ಒಮ್ಮೆ ಕಣ್ಣು ಹಾಯಿಸಿ ತೆಗೆಯಬೇಕು. ನಮ್ಮ ನೀರಿಗೆ ಚುಕ್ಕಿ 100ರ ಗೆರೆ ಮುಟ್ಟುವ ಮೊದಲೇ ಮಾಯ. ಹಾಗಾದಾಗ ಪೂಲ್ ನೀರಿಗೆ ಅಷ್ಟೇ ಬೋರ್ ನೀರು ಬೆರೆಸಿ ಮತ್ತೆ ಪರೀಕ್ಷೆ ಮಾಡಿ ಬಂದ ನಂಬರನ್ನು ಎರಡು ಪಟ್ಟು ಮಾಡಿಕೊಳ್ಳಬೇಕು. ಬಂದದ್ದು 80. ಅಂದರೆ 160.

160ಕ್ಕೆ 12 ಪಿಪಿಎಂ ಕ್ಲೋರಿನ್ ಬೇಕು. ಇದ್ದದ್ದು 3. ಪಾಚಿ ಯಾಕೆ ಬರಬಾರದು ಹೇಳಿ!

ಕಿಟ್‌ಗೆ ಐದಕ್ಕೆ ಐದು. ದುಬಾರಿ, ಇಲ್ಲಿ ಸುಲಭಕ್ಕೆ ಸಿಗಲ್ಲ, ಬಾಟಲಿಗಳನ್ನು ಬಿಸಿಲಿಗೆ ಇಟ್ಟರೆ ಹಾಳಾಗುತ್ತವೆ, ಆದರೂ ಐದು.

160ನ್ನು 40ಕ್ಕೆ ಇಳಿಸಬೇಕಾದರೆ ಮುಕ್ಕಾಲು ನೀರು ಬದಲಾಯಿಸಬೇಕು. ಈ ಸ್ಟೆಬಿಲೈಸರ್ ಕಥೆ ನಮ್ಮ ಊರಿಗೆ ಬಂದಾಗ ಬೇರೆಯೇ ಆಗುವುದು ಇಲ್ಲಿ. ಅಮೆರಿಕದವರು ಗಾರ್ಡನ್ ಪೈಪ್ ಹಾಕಿ ಮಲಗುತ್ತಾರೆ. ನಮಗೆ 30,000 ಲೀಟರ್ ಅಂದರೆ 6,000 ಲೀಟರಿನ ಐದು ಟ್ಯಾಂಕರ್. 2024ರ ಬೇಸಿಗೆ ನೆನಪಿದೆ ಅಲ್ವಾ? ಆ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸಬಾರದು ಅಂತ ಆದೇಶ ಮಾಡಿ, ಮೀರಿದರೆ 5,000 ರೂಪಾಯಿ ದಂಡ ಅಂದಿತ್ತು. ಜಿಲ್ಲಾಡಳಿತ 5 ಕಿಲೋಮೀಟರ್ ಒಳಗಿನ 6,000 ಲೀಟರ್ ಟ್ಯಾಂಕರ್‌ಗೆ 600 ರೂಪಾಯಿ ಅಂತ ದರ ಕಟ್ಟಿದ್ದೂ ಆಗಲೇ. ಅಕ್ಕಪಕ್ಕದವರು ಬಿಂದಿಗೆ ಲೆಕ್ಕದಲ್ಲಿ ನೀರು ಖರ್ಚು ಮಾಡುವಾಗ ಪೂಲ್ ನೀರು ಚರಂಡಿಗೆ ಬಿಡೋದು ದುಡ್ಡಿನ ಮಾತು ಮಾತ್ರ ಅಲ್ಲ. ಮುಖ ಎತ್ತಿ ಓಡಾಡೋಕೆ ಆಗಲ್ಲ.

ಹೀಗಾಗಿ ನಾವು ಮಳೆ ಶುರುವಾಗುವವರೆಗೆ ಪೂಲ್ ಮುಚ್ಚಿದೆವು. ಕ್ಲೋರಿನ್ ಪೂರ್ತಿ ಇಳಿಯೋಕೆ ಬಿಟ್ಟು, ಸೊನ್ನೆ ಆಯಿತು ಅಂತ ಪರೀಕ್ಷೆ ಮಾಡಿ, ಆಮೇಲೆ ನೀರನ್ನು ಕಾಂಪೌಂಡ್ ಸುತ್ತಲಿನ ಮರಗಳಿಗೆ ಹಾಯಿಸಿದೆವು. ಖಾಲಿ ಮಾಡುವವರಿಗೆ ಒಂದು ಮಾತು: ಸಲಕ್ಕೆ ಅರ್ಧದಂತೆ ಎರಡು ಸಲ ಬದಲಾಯಿಸಿದರೆ 160 ಮೊದಲು 80, ಆಮೇಲೆ 40 ಆಗುತ್ತದೆ, ಆದರೆ ಒಟ್ಟು 40,000 ಲೀಟರ್ ಬೇಕು. ಒಂದೇ ಸಲ ಮುಕ್ಕಾಲು ಇಳಿಸಿದರೆ 30,000ಕ್ಕೆ ಮುಗಿಯುತ್ತದೆ. ನಮ್ಮದು ಕಾಂಕ್ರೀಟ್ ಪೂಲ್, ನೆಲದಡಿ ನೀರು ಆಳದಲ್ಲಿದೆ, ಧೈರ್ಯವಾಗಿ ಇಳಿಸಿದೆವು. ಫೈಬರ್ ಪೂಲ್ ಇದ್ದರೆ, ಅಥವಾ ಅಗೆದ ಕಡೆಯೆಲ್ಲ ನೀರು ಬರುವ ಜಾಗವಾಗಿದ್ದರೆ ಅಷ್ಟು ಇಳಿಸಬೇಡಿ, ಕೆಳಗಿನ ನೀರು ಪೂಲನ್ನೇ ಮೇಲಕ್ಕೆ ಎತ್ತಬಹುದು.

ಮಲೆನಾಡಿನ ಹೋಂಸ್ಟೇಗಳವರು ಈ ವಿಷಯದಲ್ಲಿ ಅದೃಷ್ಟವಂತರು. ನಮ್ಮಷ್ಟು ಆಳದ ಪೂಲಿನಲ್ಲಿ 100 ಮಿಲಿಮೀಟರ್ ಮಳೆ ಬಿದ್ದು ಉಕ್ಕಿ ಹೋದರೆ ಸುಮಾರು 8% ನೀರು ಬದಲಾಯಿತು. ಜುಲೈನಲ್ಲಿ ಆಗುಂಬೆ ಕಡೆ ಅಂಥ ಮಳೆಗೆ ಕಾಯಬೇಕಾಗಿಲ್ಲ. ಅವರ ಪೂಲಿನ ಸ್ಟೆಬಿಲೈಸರ್ ಮಳೆಯೇ ತೊಳೆದುಕೊಂಡು ಹೋಗುತ್ತದೆ, ಅವರು ಮಾತ್ರೆ ಹಾಕಿಕೊಂಡು ಆರಾಮಾಗಿರಬಹುದು. ವರ್ಷಕ್ಕೆ ಸಾವಿರ ಮಿಲಿಮೀಟರ್ ಆಸುಪಾಸಿನ ಬೆಂಗಳೂರಲ್ಲಿ, ಅದರಲ್ಲೂ ಅರ್ಧ ಆವಿಯಾದ ಜಾಗ ತುಂಬೋಕೇ ಹೋದರೆ, ಆ ಭಾಗ್ಯ ಇಲ್ಲ.

ಈಗ ನಾವು ಮಾಡುತ್ತಿರುವುದು ಇಷ್ಟು. ಹೊಸ ನೀರಿಗೆ ಶುರುವಿನಲ್ಲಿ ಮಾತ್ರೆಯನ್ನೇ ಹಾಕಿದೆವು, ಸ್ಟೆಬಿಲೈಸರ್ 40ರ ಹತ್ತಿರ ಬರುವ ತನಕ. ಅಲ್ಲಿಗೆ ಮಾತ್ರೆ ಬಂದ್, ದಿನದ ಖರ್ಚಿಗೆ ಲಿಕ್ವಿಡ್ ಕ್ಲೋರಿನ್, ಅಂದರೆ ಸೋಡಿಯಂ ಹೈಪೋ. ಅಂಗಡಿಯಲ್ಲಿ ಹೈಪೋ ಅಂದರೆ ಸಾಕು, ನೀಲಿ ಕ್ಯಾನ್ ಕೊಡುತ್ತಾರೆ. 10% ಇರುವ ಹೈಪೋ 800 ಎಂಎಲ್ ಹಾಕಿದರೆ ನಮ್ಮ ಪೂಲಿಗೆ 2 ಪಿಪಿಎಂ. ಸಂಜೆ ಬಿಸಿಲು ಇಳಿದ ಮೇಲೆ, ಪಂಪ್ ಓಡುತ್ತಿರುವಾಗ, ನೀರು ಒಳಗೆ ಬರುವ ಬಾಯಿಯ ಎದುರು ನಿಧಾನಕ್ಕೆ ಸುರಿಯುತ್ತೇವೆ. ಸ್ಟೆಬಿಲೈಸರ್ ಒಂದು ಚೂರೂ ಏರಲ್ಲ. ಪಾಚಿ ತಿರುಗಿ ಬಂದಿಲ್ಲ. ಆಶ್ಚರ್ಯ ಅಂದರೆ ಆ ಸ್ವಿಮ್ಮಿಂಗ್ ಪೂಲ್ ವಾಸನೆ ಇದೆಯಲ್ಲ, ಅದೂ ಇಲ್ಲ. ಅದು ಕ್ಲೋರಿನ್ ಜಾಸ್ತಿ ಇರುವ ವಾಸನೆ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ, ಸಾಮಾನ್ಯವಾಗಿ ಕ್ಲೋರಿನ್ ಸಾಲದೆ ಕ್ಲೋರಮೈನ್ ಉಳಿದಾಗಲೇ ಆ ಘಾಟು.

ಹೈಪೋಗೆ ನಾಲ್ಕು ಸ್ಟಾರ್, ಐದಲ್ಲ. ಯಾಕೆಂದರೆ ಇದು ಕ್ಯಾನಿನಲ್ಲಿ ಕೂತಲ್ಲೇ ಸಾಯುತ್ತದೆ. ಬೇಸಿಗೆಯ ಶೆಡ್‌ನಲ್ಲಿ ತಿಂಗಳು ಇಟ್ಟರೆ ಸತ್ವ ಎಷ್ಟೋ ಇಳಿದಿರುತ್ತದೆ, ಹಳೇ ಅಳತೆಯಲ್ಲಿ ಹಾಕಿದರೆ ಸಾಲುವುದಿಲ್ಲ. ಅಗ್ಗ ಅಂತ ದೊಡ್ಡ ಕ್ಯಾನ್ ತರಬೇಡಿ, ಹದಿನೈದು ದಿನಕ್ಕೆ ಮುಗಿಯುವಷ್ಟು ತನ್ನಿ, ಅದೂ ಮಾಲು ಬೇಗ ಖರ್ಚಾಗುವ ಅಂಗಡಿಯಿಂದ. ಕಾರಲ್ಲಿ ತರುವಾಗ ಕ್ಯಾನ್ ನೆಟ್ಟಗೆ ನಿಂತಿರಲಿ. ಹಳೇ ಬಟ್ಟೆ ಹಾಕಿಕೊಳ್ಳಿ, ಒಂದು ಹನಿ ಸಿಡಿದರೂ ಬಣ್ಣ ಹೋಯಿತು.

ಇನ್ನೊಂದು, ಮಾತ್ರೆ ಹುಳಿ. ನಮ್ಮ ಬೋರ್ ನೀರಿನ ಕ್ಷಾರದಿಂದ ಪಿಎಚ್ ಯಾವಾಗಲೂ ಮೇಲಕ್ಕೇ ಓಡುತ್ತದೆ. ಮಾತ್ರೆ ಹಾಕುತ್ತಿದ್ದಾಗ ಅದರ ಹುಳಿಯೇ ಅದನ್ನು ತಗ್ಗಿಸಿ ಇಡುತ್ತಿತ್ತು. ಹೈಪೋಗೆ ಬಂದ ಮೇಲೆ ಪಿಎಚ್ 7.8 ದಾಟದಂತೆ ಆಗಾಗ ಸ್ವಲ್ಪ ಹೈಡ್ರೋಕ್ಲೋರಿಕ್ ಆಸಿಡ್ ಹಾಕಬೇಕಾಗಿದೆ. ಇದು ಮಾತ್ರೆಯ ಪರವಾಗಿ ಹೇಳಲೇಬೇಕಾದ ಮಾತು. ಆದರೆ ಅದೇ ಹುಳಿಯಿಂದ ಮಾತ್ರೆಯನ್ನು ನೀರಿನ ಮೇಲಿನ ಕಸ ಹಿಡಿಯುವ ಸ್ಕಿಮ್ಮರ್ ಬುಟ್ಟಿಯಲ್ಲಿ ಹಾಕಿ ಪಂಪ್ ನಿಲ್ಲಿಸಿದರೆ ಪೈಪಿನಲ್ಲಿ ನಿಂತ ನೀರು ಲೋಹವನ್ನು ತಿನ್ನುತ್ತದೆ, ಮೆಟ್ಟಿಲ ಮೇಲೆ ಬಿದ್ದ ಮಾತ್ರೆ ಟೈಲ್ಸ್ ಸಂದಿಯ ಸಿಮೆಂಟನ್ನು ತಿನ್ನುತ್ತದೆ. ಫ್ಲೋಟರ್‌ನಲ್ಲೇ ಇಡಿ.

ಬ್ಲೀಚಿಂಗ್ ಪುಡಿ ಹಾಕಬಹುದಾ ಅಂತ ಕೇಳುವವರಿಗೆ: ಬೋರ್ ನೀರಿದ್ದರೆ ಬೇಡ. ಸ್ಟೆಬಿಲೈಸರ್ ಬರಲ್ಲ ನಿಜ, ಸುಣ್ಣ ಬರುತ್ತದೆ. ಮೊದಲೇ ಗಡಸು ನೀರು, ಟೈಲ್ಸ್ ಗೆರೆಯುದ್ದಕ್ಕೂ ಬಿಳಿ ಪೊರೆ ಕಟ್ಟುತ್ತದೆ. ಕ್ಯಾಲ್ಸಿಯಂ ಹೈಪೋ ಹರಳಿಗೂ ಇದೇ ಮಾತು, ಅದು ಸ್ವಲ್ಪ ವಾಸಿ ಅಷ್ಟೆ.

ಮಾತ್ರೆಯ ಬಕೆಟ್ ನಾನು ಎಸೆದಿಲ್ಲ. ಒಂದು ವಾರ ಊರಿಗೆ ಹೋಗುವಾಗ ಫ್ಲೋಟರ್‌ನಲ್ಲಿ ಎರಡು ಮಾತ್ರೆ ಹಾಕಿ ಹೋಗೋಕೆ ಅದರಷ್ಟು ಅನುಕೂಲ ಬೇರೆ ಇಲ್ಲ. ಎರಡು ಮಾತ್ರೆಗೆ ಸ್ಟೆಬಿಲೈಸರ್ ಐದೂವರೆ ಏರುತ್ತದೆ, ಮಳೆಗಾಲದಲ್ಲಿ ಅಷ್ಟು ಹೇಗೂ ಇಳಿಯುತ್ತದೆ. ಬಕೆಟ್ ಮಾತ್ರ ಒಣಗಿದ ಜಾಗದಲ್ಲಿ, ಆಸಿಡ್‌ನಿಂದ, ಹೈಪೋದಿಂದ ದೂರ ಇರಲಿ. ಒಂದಕ್ಕೆ ಬಳಸಿದ ಮಗ್ ಇನ್ನೊಂದಕ್ಕೆ ಬೇಡ. ಟಿಸಿಸಿಎ ಜೊತೆ ಕ್ಯಾಲ್ಸಿಯಂ ಹೈಪೋ ಸೇರಿದರೆ ಬೆಂಕಿ ಹತ್ತುತ್ತದೆ, ಆಸಿಡ್ ಸೇರಿದರೆ ಕ್ಲೋರಿನ್ ಅನಿಲ. 2024ರ ಸೆಪ್ಟೆಂಬರ್ ಕೊನೆಯಲ್ಲಿ ಅಮೆರಿಕದ ಜಾರ್ಜಿಯಾದ ಕಾನ್ಯರ್ಸ್‌ನಲ್ಲಿ ಪೂಲ್ ಕೆಮಿಕಲ್ ಗೋದಾಮಿನಲ್ಲಿ ಬೆಂಕಿ ಬಿದ್ದು ಸುಮಾರು 17,000 ಜನರನ್ನು ಮನೆ ಬಿಡಿಸಬೇಕಾಯಿತು. ಅಲ್ಲಿದ್ದ ಮಾಲಿನಲ್ಲಿ ಟಿಸಿಸಿಎಯೂ ಇತ್ತು. ಮಕ್ಕಳಿರುವ ಮನೆಯಲ್ಲಿ ಸ್ಟೋರ್ ರೂಮಿಗೆ ಬೀಗ ಇರಲಿ.

ಏಜೆನ್ಸಿಯನ್ನು ನಾವು ಬಿಟ್ಟಿಲ್ಲ, ಕೆಮಿಕಲ್ ಬಿಡಿಸಿದ್ದೇವೆ. ಕ್ಲೀನಿಂಗ್, ಬ್ಯಾಕ್‌ವಾಶ್ ಅದೇ ಹುಡುಗ ಮಾಡುತ್ತಾನೆ, ಹೈಪೋ ನಾನು ಹಾಕುತ್ತೇನೆ. ಹೊಸದಾಗಿ ಸರ್ವಿಸ್ ಹುಡುಕುತ್ತಿದ್ದರೆ ರೇಟ್ ಕೇಳುವ ಮೊದಲು "ಸ್ಟೆಬಿಲೈಸರ್ ಹೇಗೆ ಅಳೀತೀರಾ?" ಅಂತ ಕೇಳಿ. ಕಪ್ಪು ಚುಕ್ಕಿ ಕೊಳವೆ ಅಥವಾ ಮೀಟರ್ ತೋರಿಸಿದರೆ ಮುಂದಿನ ಮಾತು. "ಅದು ಬೇಕಾಗಲ್ಲ" ಅಂದರೆ ಅಲ್ಲಿಗೇ ನಿಲ್ಲಿಸಿ. ಕಿಟ್ ತರಿಸುವವರು ಸ್ಟೆಬಿಲೈಸರ್ ದ್ರಾವಣದ, ಅಂದರೆ ಆರ್-0013 ಬಾಟಲಿ ಒಂದು ಜಾಸ್ತಿ ತರಿಸಿಕೊಳ್ಳಿ. ಒಂದೊಂದು ಪರೀಕ್ಷೆಗೆ 7 ಎಂಎಲ್ ಹೋಗುತ್ತದೆ, ಎಲ್ಲಕ್ಕಿಂತ ಮೊದಲು ಖಾಲಿಯಾಗುವುದು ಅದೇ.